“ಪುಸ್ತಕದಾಗ ಇದ್ದಂಗ ಇಲ್ಲಲ್ಲ ಇದು!”

10 ಆಗಸ್ಟ್ 2025, ಭಾನುವಾರ
ಮಾಳಮಡ್ಡಿ, ಧಾರವಾಡ

ಬೆಳಗಿನಿಂದ ಜಿಟಿಜಿಟಿ ಮಳೆ. ಊಟವಾದ ಮೇಲೆ ಅಣ್ಣನ ಮನೆಯಲ್ಲಿ ಎಲ್ಲರೂ ಕೂಡಿ ‘ಸಂಸ್ಕಾರ’ ನೋಡಿದೆವು. ಯು. ಆರ್. ಅನಂತಮೂರ್ತಿಯವರ ಕಾದಂಬರಿ ಆಧರಿಸಿದ 1970ರ ಕಪ್ಪು-ಬಿಳುಪು ಚಿತ್ರ. ಮುಗಿದದ್ದೇ ತಡ, ವೈನಿ (ಅಣ್ಣನ ಹೆಂಡತಿ) ಶುರು ಮಾಡಿದರು: “ಪುಸ್ತಕದಾಗ ಇದ್ದಂಗ ಇಲ್ಲಲ್ಲ ಇದು! ಆಚಾರ್ಯರ ಮನಸ್ಸಿನ ಒದ್ದಾಟನ ಮಾಯ ಆಗಿಬಿಟ್ಟದ.”

ಈ ಕಾದಂಬರಿಯ ಮೇಲೆ ಧಾರವಾಡದವರಿಗೆ ತುಸು ಹೆಚ್ಚೇ ಸಲಿಗೆ. ಕಥೆ ಮಲೆನಾಡಿನ ಅಗ್ರಹಾರದ್ದಾದರೂ 1965ರಲ್ಲಿ ಅದನ್ನು ಪ್ರಕಟಿಸಿದ್ದು ನಮ್ಮ ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆ. ಚಿತ್ರಕಥೆ ಬರೆದು, ತಾವೇ ಕಥಾನಾಯಕ ಪ್ರಾಣೇಶಾಚಾರ್ಯರಾದ ಗಿರೀಶ ಕಾರ್ನಾಡರು ಇಲ್ಲಿಯ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಹಾಗಾಗಿ ವೈನಿಯ ಮಾತಿನಲ್ಲಿ ಮನೆಯ ವಸ್ತುವನ್ನು ಯಾರೋ ಜಾಗ ಬದಲಿಸಿ ಇಟ್ಟರೆಂಬ ಸಿಟ್ಟಿತ್ತು.

ಅವರು ಹೇಳಿದ್ದು ಸುಳ್ಳಲ್ಲ. ತೀರಿಹೋದ ನಾರಣಪ್ಪನ ಜೊತೆ ಬಾಳಿದ್ದ ಚಂದ್ರಿಯನ್ನು ಕಾಡಿನಲ್ಲಿ ಕೂಡಿದ ಮೇಲೆ, ಹೆಂಡತಿಯೂ ತೀರಿಕೊಂಡ ಮೇಲೆ, ಆಚಾರ್ಯರು ಊರು ಬಿಟ್ಟು ಅಲೆಯುತ್ತಾರಲ್ಲ, ಆ ಭಾಗದ ಪುಟಪುಟವೂ ಅವರು ತಮ್ಮೊಡನೆ ತಾವೇ ಹೂಡಿದ ವಾದ. ತೆರೆಯ ಮೇಲೆ ನಮಗೆ ಸಿಗುವುದು ಒಂದು ಮುಖ, ಒಂದು ಹಾದಿ, ದಾರಿಯಲ್ಲಿ ಜೊತೆಯಾಗಿ ಬಿಟ್ಟೂ ಬಿಡದೆ ಬೆನ್ನು ಹತ್ತಿದ ಪುಟ್ಟ ಎಂಬವನು. ಆದರೂ ಇದನ್ನು ನಷ್ಟ ಎಂದಷ್ಟೇ ಬರೆದುಕೊಳ್ಳಲು ನನಗೆ ಮನಸ್ಸಿಲ್ಲ. ಚಂದ್ರಿ ಮೈಮೇಲಿನ ಬಂಗಾರವನ್ನೆಲ್ಲ ಬಿಚ್ಚಿ ಆಚಾರ್ಯರ ಮುಂದೆ ಇಡುವುದನ್ನೇ ನೋಡಿ. ನಾರಣಪ್ಪನ ಹೆಣ ಇನ್ನೂ ಮನೆಯಲ್ಲೇ ಇದೆ. ಆಚಾರ ಬಿಟ್ಟು ಬದುಕಿದ ಬ್ರಾಹ್ಮಣನೆಂದು ಅದನ್ನು ಯಾರೂ ಮುಟ್ಟಲೊಲ್ಲರು, ಸಂಸ್ಕಾರ ಯಾರು ಮಾಡಬೇಕೆಂದು ಶಾಸ್ತ್ರ ಹುಡುಕುತ್ತಾರೆ. ಬಂಗಾರ ಮಾತ್ರ ಎಲ್ಲರಿಗೂ ಬೇಕು. ಓದುವಾಗ ಆ ಆಸೆ ಒಬ್ಬೊಬ್ಬರದಾಗಿ ತಿಳಿಯುತ್ತ ಹೋಗುತ್ತದೆ. ಇಲ್ಲಿ ಮುಖಗಳನ್ನು ನೋಡಿದರೆ ಸಾಕು, ನನಗೆ ಮೈ ಜುಮ್ಮೆಂದಿತು.

ಅಣ್ಣನದು ಯಾವಾಗಲೂ ಒಂದೇ ಮಾತು, “ಸಿನಿಮಾನ ಬ್ಯಾರೆ, ಪುಸ್ತಕನ ಬ್ಯಾರೆ.” ಅಲ್ಲಿಗೆ ಚರ್ಚೆ ಮುಗಿಸಿ ಎದ್ದುಬಿಡುತ್ತಾನೆ.

ಅವನ ಮಗಳು ಕಾದಂಬರಿ ಓದಿಲ್ಲ. ಸುಮ್ಮನೆ ಕೂತಿದ್ದವಳು ಕೇಳಿದಳು: “ಅತ್ಯಾ, ಚಂದ್ರಿ ರಾತ್ರೋರಾತ್ರಿ ಹೆಣಾ ಸುಡಿಸಿದ್ದು ಇವರಿಗೆ ಗೊತ್ತೇ ಆಗೂದಿಲ್ಲಲ್ಲ? ಸುಟ್ಟು ಬೂದಿಯಾದ ಹೆಣದ ಸಲುವಾಗಿ ಇಷ್ಟು ಮಂದಿ ಶಾಸ್ತ್ರಾ ಹುಡುಕ್ಕೋತ ಅಡ್ಡಾಡ್ತಾರಲ್ಲ?”

“ಓದಿದ್ರ ತಿಳೀತಿತ್ತು,” ಅಂದರು ವೈನಿ. ನನಗೆ ತಡೆಯಲಾಗಲಿಲ್ಲ. “ಇಲ್ಲ ವೈನಿ, ಆಕಿ ಕೇಳಿದ್ದು ಖರೇನ ಅದ,” ಎಂದು ಕಪಾಟಿನಿಂದ ಪುಸ್ತಕ ತೆಗೆದು ಆ ಭಾಗವನ್ನೇ ಗಟ್ಟಿಯಾಗಿ ಓದಿದೆ. ಚಂದ್ರಿಯ ಕೈಹಿಡಿಯುವವನು ಮೀನು ಮಾರುವ ಅಹ್ಮದ್ ಬ್ಯಾರಿ. ಎತ್ತು ಕೊಳ್ಳಲು ನಾರಣಪ್ಪ ಒಮ್ಮೆ ಸಾಲ ಕೊಟ್ಟಿದ್ದನ್ನು ಅವನು ಮರೆತಿಲ್ಲ. ಇಡೀ ಅಗ್ರಹಾರಕ್ಕೆ ಬಗೆಹರಿಯದ್ದನ್ನು ಅವರಿಬ್ಬರೇ ಒಂದು ರಾತ್ರಿಯಲ್ಲಿ ಮುಗಿಸುತ್ತಾರೆ, ಚಂದ್ರಿ ಕುಂದಾಪುರದ ದಾರಿ ಹಿಡಿಯುತ್ತಾಳೆ. ಆಮೇಲಿನ ಆಚಾರ್ಯರ ಸಂಕಟವನ್ನೆಲ್ಲ ನಾವು ಇದನ್ನು ತಿಳಿದೇ ಓದಬೇಕು. ಕಾದಂಬರಿಯ ಜೀವ ಇರುವುದೇ ಅಲ್ಲಿ ಎಂದು ನನ್ನ ನಂಬಿಕೆ, ಮತ್ತು ಈ ಹುಡುಗಿ ಬರೀ ಸಿನಿಮಾ ನೋಡಿ ಅಲ್ಲಿಗೇ ಕೈ ಇಟ್ಟಳು. ಓದಿದವರ ಅಭಿಪ್ರಾಯಕ್ಕೇ ತೂಕ, ನೋಡಿದವರದು ಹಗುರ ಎನ್ನುವುದು ನಮ್ಮ ಮನೆಗಳಲ್ಲಿ ಬಹಳ ನಡೆಯುತ್ತದೆ. ಅದು ನನಗೆ ನಿಜವಾಗಿ ನೋವು ಕೊಡುತ್ತದೆ. ಎಷ್ಟೋ ಎಳೆಯರು ಬಾಯಿ ಬಿಡುವ ಮೊದಲೇ ಮುಚ್ಚಿಕೊಳ್ಳುತ್ತಾರೆ.

ವೈನಿ ಮಾತಾಡಲಿಲ್ಲ. ಚಹಾ, ಗಿರಮಿಟ್ಟು ಬಂದ ಮೇಲೆ ತಾವಾಗಿಯೇ, “ಬ್ಯಾರಿ ಬರೋ ಆ ಪುಟ ಇನ್ನೊಮ್ಮೆ ಓದ್ರಿ,” ಅಂದರು. ಓದಿದೆ.

ಮುಂದಿನ ವಾರ ‘ಗುಲಾಬಿ ಟಾಕೀಸು’. ಅದರ ದಾರಿ ಬೇರೆ. ವೈದೇಹಿಯವರ ಕಥೆಯಲ್ಲಿ ಊರಿಗೆ ಬರುವುದು ಟಾಕೀಸು. ನಿರ್ದೇಶಕ ಗಿರೀಶ ಕಾಸರವಳ್ಳಿಯವರು 2008ರಲ್ಲಿ ಅದನ್ನು ಟಿವಿ, ಡಿಶ್ಶಿನ ಕಾಲಕ್ಕೆ ತಂದರು, ಉಮಾಶ್ರೀಯವರ ಗುಲಾಬಿಯನ್ನು ಮುಸ್ಲಿಂ ಸೂಲಗಿತ್ತಿಯಾಗಿಸಿದರು. ಕಥೆಯಿಂದ ಅಷ್ಟು ದೂರ ಹೋದದ್ದಕ್ಕೇ ನನಗೆ ಆ ಚಿತ್ರ ಇಷ್ಟ. ವೈನಿಗೆ ಆಗಲೇ ಅಸಮಾಧಾನ: “ಮೊದಲು ಕಥಿ ಓದೂಣು, ಆಮ್ಯಾಲೆ ನೋಡೂಣು.” ಹುಡುಗಿ ಮೊದಲು ಸಿನಿಮಾ ಅಂತಾಳೆ. ನಾನು ಹುಡುಗಿಯ ಕಡೆ.