ಗಣಿತದ ಟೀಚರ್ ಮೇಯರ್ ಆಗಿದ್ದ ವರ್ಷದ ದೀಪಾವಳಿ

ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊದಲ್ಲಿ ಪಟಾಕಿ ಹೊಡೆಯುವಂತಿಲ್ಲ. ಸುರ್‌ಸುರ್‌ಬತ್ತಿಗೂ ಅವಕಾಶವಿಲ್ಲ. 2017ರಲ್ಲಿ ಮಾತ್ರ ಇದಕ್ಕೆ ಯಾರೂ ಗೊಣಗಲಿಲ್ಲ. ಅಕ್ಟೋಬರ್ 8ರ ರಾತ್ರಿ ನಾಪಾ, ಸೊನೋಮಾ ಕಡೆ ಹೊತ್ತಿದ ಬೆಂಕಿಯ ಹೊಗೆ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ನಮ್ಮ ಬೇ ಏರಿಯಾ ಮೇಲೆಲ್ಲ ಕವಿದಿತ್ತು. ಹಬ್ಬ ಮುಂದಿನ ವಾರವೇ. "ಅಷ್ಟು ಮನೆ ಸುಟ್ಟಿರುವಾಗ ಪಟಾಕಿ ಯಾಕೋ, ಎರಡು ದೀಪ ಹಚ್ಚು ಸಾಕು" ಅಂದರು ತುಮಕೂರಿನಿಂದ ಬಂದಿದ್ದ ಅಮ್ಮ.

ದೀಪ ಹಚ್ಚಿ ಸುಮ್ಮನಿರುವವರಲ್ಲ ಅವರು. ನೀರು ತುಂಬುವ ಹಬ್ಬಕ್ಕೆ ಹಂಡೆ ಬೇಕೇ ಬೇಕು. ಸಾರು ಮಾಡುವ ದೊಡ್ಡ ಸ್ಟೀಲ್ ಪಾತ್ರೆಯನ್ನೇ ತೊಳೆದು, ಅಕ್ಕಿ ಹಿಟ್ಟು ಕಲಸಿ ಪಟ್ಟೆ ಎಳೆದು, ಅರಿಶಿನ ಕುಂಕುಮ ಇಟ್ಟು ಬಾತ್‌ರೂಮಿನಲ್ಲಿ ಕೂರಿಸಿದರು. ಬೆಳಗ್ಗೆ ಐದಕ್ಕೇ ಎಲ್ಲರಿಗೂ ಎಣ್ಣೆ ಸ್ನಾನ. ಮಗಳು ಕೂದಲು ಒಣಗುವ ಮೊದಲೇ ಸ್ಕೂಲಿಗೆ ಓಡಿದಳು. ನಾನು ಆಫೀಸಿಗೆ. ಕಜ್ಜಾಯ ಕರಿಯುವಾಗ ಹೊಗೆಯ ಅಲಾರಾಂ ಕಿರುಚಿಕೊಂಡಿತಂತೆ. ಪಾಪ, ಅಮ್ಮ ಒಬ್ಬರೇ ಟವೆಲ್ ಬೀಸುತ್ತಾ ನಿಂತಿದ್ದರಂತೆ.

ಸಂಜೆ ಅವರದು ಒಂದೇ ಪ್ರಶ್ನೆ. "ಇಲ್ಲಿ ಮೇಯರಮ್ಮ ನಮ್ಮ ದೇಶದವರೇ ಅಂತೀಯ. ಮಕ್ಕಳಿಗೆ ಒಂದು ದಿನ ರಜಾ ಕೊಡಿಸೋಕಾಗಲ್ವಾ?"

ಆಗ ಮೇಯರ್ ಆಗಿದ್ದವರು ಸವಿತಾ ವೈದ್ಯನಾಥನ್. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. ಬ್ಯಾಂಕಿನಲ್ಲೂ ಇದ್ದರು, ಲಾಭಕ್ಕಲ್ಲದ ಒಂದು ಸಂಸ್ಥೆಯನ್ನೂ ನಡೆಸಿದರು. 2014ರಲ್ಲಿ ಸಿಟಿ ಕೌನ್ಸಿಲಿಗೆ ಗೆದ್ದು, 2016ರ ಡಿಸೆಂಬರಿನಲ್ಲಿ ಮೇಯರ್ ಆದರು. ಈ ಊರಿಗೆ ಭಾರತ ಮೂಲದ ಮೊದಲ ಮಹಿಳಾ ಮೇಯರ್. ಆದರೆ ರಜಾ ಅವರ ಕೈಯಲ್ಲಿರಲಿಲ್ಲ. ಇಲ್ಲಿ ಕೌನ್ಸಿಲ್ ಅಂದರೆ ಐದೇ ಜನ. ವರ್ಷಕ್ಕೊಮ್ಮೆ ತಮ್ಮಲ್ಲೇ ಒಬ್ಬರನ್ನು ಮೇಯರ್ ಮಾಡಿಕೊಳ್ಳುತ್ತಾರೆ. ದಿನನಿತ್ಯದ ಆಡಳಿತವೆಲ್ಲ ಸಿಟಿ ಮ್ಯಾನೇಜರ್‌ದು. ಸ್ಕೂಲುಗಳದ್ದು ಇನ್ನೂ ಬೇರೆಯೇ ಲೆಕ್ಕ. ಅವಕ್ಕೆ ಪ್ರತ್ಯೇಕ ಬೋರ್ಡ್, ಅದಕ್ಕೂ ಪ್ರತ್ಯೇಕ ಚುನಾವಣೆ.

"ಹಾಗಾದ್ರೆ ಅವರು ಇದ್ದು ಏನು ಪ್ರಯೋಜನ?" ಅಂದರು ಅಮ್ಮ.

ನನಗೆ ಪ್ರಯೋಜನ ಕಾಣುವುದು ಸಣ್ಣ ಸಣ್ಣ ಕೆಲಸಗಳಲ್ಲಿ. ಮೆಮೋರಿಯಲ್ ಪಾರ್ಕಿನಲ್ಲಿ ಚೇಂಬರ್ ಆಫ್ ಕಾಮರ್ಸ್‌ನವರು ದೀಪಾವಳಿ ಉತ್ಸವ ಮಾಡುತ್ತಾರೆ. ಇಂಥದ್ದಕ್ಕೆ ಪಾರ್ಕ್ ಸಿಗಬೇಕು, ಮೈಕಿಗೆ ಅನುಮತಿ ಬೇಕು, ಪಾರ್ಕಿಂಗ್ ನೋಡಬೇಕು, ಕಸ ಎತ್ತಿಸಬೇಕು. ನಮ್ಮ ಹಬ್ಬ ಪರ ಊರಿನಲ್ಲಿ ಮನೆಯಿಂದ ಬೀದಿಗೆ ಬರಬೇಕಾದರೆ ಇಂಥ ಅರ್ಜಿಗಳ ಮೂಲಕವೇ ಬರಬೇಕು. ಇದನ್ನೆಲ್ಲ ತೀರ್ಮಾನಿಸುವವರು ವಾಷಿಂಗ್ಟನ್ನಿನಲ್ಲಿ ಇರುವುದಿಲ್ಲ. ನಮ್ಮವರು ಅಮೆರಿಕದ ಅಧ್ಯಕ್ಷರ ಬಗ್ಗೆ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಮಂಗಳವಾರ ಸಂಜೆ ಕೌನ್ಸಿಲ್ ಸಭೆಗೆ ಹೋಗಿ ಎರಡು ಮಾತಾಡಿ ಅಂದರೆ ಟ್ರಾಫಿಕ್ ಅಂತಾರೆ. ಅಲ್ಲಿ ಯಾರು ಬೇಕಾದರೂ ಎದ್ದು ಮಾತಾಡಬಹುದು, ಸಿಟಿಜನ್ ಆಗಿರಬೇಕು ಅಂತೇನೂ ಇಲ್ಲ. ಸ್ಕೂಲಿನ ಪೋಷಕರ ಸಭೆಗಳಲ್ಲಿ ಪಳಗಿದ ಟೀಚರ್‌ಗಳು ಇಂಥ ಜಾಗಕ್ಕೆ ಬರುವುದರಲ್ಲಿ ಆಶ್ಚರ್ಯವಿಲ್ಲ. ಹತ್ತು ಜನ ಒಟ್ಟಿಗೆ ಕೂಗಾಡಿದರೂ ಕೂತು ಕೇಳುವುದು ಅವರಿಗೆ ಅಭ್ಯಾಸ.

ಇದನ್ನೆಲ್ಲ ಹೇಳಿದಾಗ ಅಮ್ಮ ಕಜ್ಜಾಯದ ತಟ್ಟೆ ನನ್ನ ಕಡೆ ತಳ್ಳಿ, "ಸರಿ, ರಜಾ ಯಾರ ಹತ್ರ ಕೇಳಬೇಕು ಅಂತ ಮೊದಲು ತಿಳ್ಕೊ" ಅಂದರು.

ರಜದ ದಾರಿ ಕೊನೆಗೆ ರಾಜಧಾನಿ ಸ್ಯಾಕ್ರಮೆಂಟೊ ಕಡೆಯಿಂದ ಬಂತು. ಶಾಸಕರಾದ ಆಶ್ ಕಾಲ್ರಾ ಮತ್ತು ದರ್ಶನಾ ಪಟೇಲ್ ತಂದ ಮಸೂದೆಗೆ 2025ರ ಅಕ್ಟೋಬರಿನಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕಿದರು. ಈ ದರ್ಶನಾ ಅವರೂ ಮೊದಲು ಸ್ಕೂಲ್ ಬೋರ್ಡಿನಲ್ಲಿದ್ದವರೇ. 2026ರ ಜನವರಿ 1ರಿಂದ ದೀಪಾವಳಿ ಇಡೀ ರಾಜ್ಯಕ್ಕೆ ಹಬ್ಬದ ದಿನ. ಹಾಗಂತ ಸ್ಕೂಲುಗಳು ತಾವಾಗಿಯೇ ಮುಚ್ಚುವುದಿಲ್ಲ. ಬೇಕಿದ್ದರೆ ರಜಾ ಕೊಡಬಹುದು, ಅಷ್ಟೇ. ಅದಕ್ಕೆ ಮತ್ತೆ ಸ್ಥಳೀಯ ಬೋರ್ಡಿನ ಮುಂದೆಯೇ ಹೋಗಿ ನಿಲ್ಲಬೇಕು.

ಜಾರಿಗೆ ಬಂದ ಮೊದಲ ವರ್ಷವೇ ದೀಪಾವಳಿ ನವೆಂಬರ್ 8ಕ್ಕೆ ಬಂದಿದೆ. ಭಾನುವಾರ! ಫೋನಿನಲ್ಲಿ ಹೇಳಿದಾಗ ಅಮ್ಮ ನಕ್ಕು, "ಬಲಿಪಾಡ್ಯಮಿಗಾದ್ರೂ ಕೇಳಿ ನೋಡು" ಅಂದರು.