ಶಪಿರಾ ಬಾಡಿಗೆಗಿದ್ದ ಮನೆ

ಜೆರುಸಲೇಮಿನ ಗೋಡೆ, ಗುಮ್ಮಟ, ಗೋರಿಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ, ಬಿಡಿ. ನನ್ನ ತಲೆ ಕೆಡಿಸಿದ್ದು ಟಿಕೊ ಹೌಸ್ ಅನ್ನೋ ಹಳೇ ಕಲ್ಲಿನ ಮನೆ. ಕಣ್ಣಿನ ಡಾಕ್ಟರ್ ಟಿಕೊ ಮತ್ತು ಚಿತ್ರಕಲಾವಿದೆಯಾಗಿದ್ದ ಅವರ ಹೆಂಡತಿ ಅನ್ನಾ ಇಲ್ಲಿದ್ದರು. ಈಗ ಇದು ಇಸ್ರೇಲ್ ಮ್ಯೂಸಿಯಂ ಸುಪರ್ದಿಯಲ್ಲಿದೆ. ಅವರಿಗಿಂತ ಮೊದಲು ಬಾಡಿಗೆಗಿದ್ದವನು ಮೋಸೆಸ್ ಶಪಿರಾ. ಹಳೇ ಊರಿನ ಕ್ರಿಶ್ಚಿಯನ್ ಬೀದಿಯಲ್ಲಿ ಅವನದು ಪುರಾತನ ವಸ್ತುಗಳ ಅಂಗಡಿ.

1883ರಲ್ಲಿ ಇವನು ಕಪ್ಪಗಾದ ಒಂದಷ್ಟು ಚರ್ಮದ ಪಟ್ಟಿಗಳನ್ನು ಲಂಡನ್ನಿಗೆ ಒಯ್ದ. ಅವುಗಳ ಮೇಲೆ ಬೈಬಲ್ಲಿನ ಧರ್ಮೋಪದೇಶಕಾಂಡ, ಆದರೆ ಎಲ್ಲೂ ಕಾಣದ ಪಾಠ. ಮೃತ ಸಮುದ್ರದ ಪೂರ್ವಕ್ಕೆ ಗುಹೆಯೊಂದರಲ್ಲಿ ಅಲೆಮಾರಿ ಅರಬರಾದ ಬೆದುಯಿನ್‌ಗಳಿಗೆ ಸಿಕ್ಕಿದ್ದು ಅಂದ. ಕೇಳಿದ ಬೆಲೆ ಹತ್ತು ಲಕ್ಷ ಪೌಂಡ್! ಬ್ರಿಟಿಷ್ ಮ್ಯೂಸಿಯಂ ಕೆಲವನ್ನು ಪ್ರದರ್ಶನಕ್ಕಿಟ್ಟಿತು. ಪ್ರಧಾನಿ ಗ್ಲಾಡ್‌ಸ್ಟನ್ ಕೂಡ ಬಂದು ನೋಡಿದರು. ಫ್ರಾನ್ಸಿನ ಪುರಾತತ್ವ ವಿದ್ವಾಂಸ ಕ್ಲೆರ್ಮಾಂ-ಗಾನೊ ಜನರ ನಡುವೆ ನಿಂತು, ಗಾಜಿನಾಚೆಯಿಂದ ನೋಡಿ, ಯಹೂದಿ ಧರ್ಮಗ್ರಂಥವಾದ ತೋರಾದ ಯಾವುದೋ ಸುರುಳಿಯ ಕೆಳಗಿನ ಖಾಲಿ ಅಂಚನ್ನು ಕತ್ತರಿಸಿ ಮಾಡಿದ ನಕಲಿ ಅಂದುಬಿಟ್ಟ. ಮ್ಯೂಸಿಯಂ ಪರವಾಗಿ ಪರೀಕ್ಷೆಗೆ ಕೂತಿದ್ದ ಹೀಬ್ರೂ ವಿದ್ವಾಂಸ ಗಿನ್ಸ್‌ಬರ್ಗ್ ಕೂಡ ನಕಲಿ ಅಂದ. 1884ರ ಮಾರ್ಚಿನಲ್ಲಿ ಶಪಿರಾ ರಾಟರ್‌ಡ್ಯಾಮಿನ ಹೋಟೆಲೊಂದರಲ್ಲಿ ಗುಂಡು ಹಾರಿಸಿಕೊಂಡು ಸತ್ತ. ಮರುವರ್ಷ ಪಟ್ಟಿಗಳು ಹತ್ತು ಪೌಂಡ್ ಚಿಲ್ಲರೆಗೆ ಹರಾಜಾದವು. ಆಮೇಲೆ ಕಾಣೆಯಾದವು.

ಟಿಕೊ ಹೌಸಿನ ಕೆಫೆಯಲ್ಲಿ ಪಕ್ಕದ ಮೇಜಿನಲ್ಲಿದ್ದವರು ನಿವೃತ್ತ ಇತಿಹಾಸದ ಮೇಷ್ಟ್ರು. ಶಪಿರಾ ಹೆಸರೆತ್ತಿದ್ದೇ ತಡ, ಕುರ್ಚಿ ಎಳೆದುಕೊಂಡು ಬಂದರು.

"ಅಷ್ಟು ಹಳೇ ಚರ್ಮ ಗುಹೆಯಲ್ಲಿ ಉಳಿಯಲ್ಲ ಅಂತ ಆಗಿನ ವಿದ್ವಾಂಸರು ಅಂದಿದ್ದರಲ್ವಾ? 1947ರಲ್ಲಿ ಮೃತ ಸಮುದ್ರದ ಹತ್ತಿರದ ಗುಹೆಗಳಲ್ಲೇ ಪುರಾತನ ಕುಮ್ರಾನ್ ಸುರುಳಿಗಳು ಸಿಕ್ಕವಲ್ಲ!" ಅಂದೆ.

"ಸರಿ, ಆ ವಾದ ಬಿತ್ತು. ಆದರೆ ಇವನ ಚರ್ಮ ಅಸಲಿ ಅಂತ ಅದರಿಂದ ಹೇಗೆ ಆಗುತ್ತೆ?"

2021ರಲ್ಲಿ ಬೈಬಲ್ ವಿದ್ವಾಂಸ ಇಡಾನ್ ಡರ್ಶೊವಿಟ್ಜ್ ಇದು ಅಸಲಿ ಅಂತ ವಾದ ಮಾಡಿದ್ದನ್ನು ನೆನಪಿಸಿದೆ. ಬರ್ಲಿನ್ನಿನ ಗ್ರಂಥಾಲಯದಲ್ಲಿ ಅವರಿಗೆ ಶಪಿರಾನದೇ ಟಿಪ್ಪಣಿ ಸಿಕ್ಕಿತ್ತು. ಅಕ್ಷರ ಗೊತ್ತಾಗದೆ ತಿಣುಕಾಡಿದ ಗುರುತು, ಪ್ರಶ್ನೆ ಚಿಹ್ನೆ. ತಾನೇ ಬರೆದಿದ್ದರೆ ಓದಲು ಹೀಗೇಕೆ ಒದ್ದಾಡುತ್ತಾನೆ?

"ಒಪ್ಪಿದೆ. ಅಂದರೆ ಶಪಿರಾ ಬರೆದಿಲ್ಲ. ಬೇರೆ ಯಾರೋ ಬರೆದು ಅವನ ತಲೆಗೆ ಕಟ್ಟಿರಬಹುದಲ್ಲ? ಅದಕ್ಕೂ ಮೊದಲು ಮೃತ ಸಮುದ್ರದ ಪೂರ್ವಕ್ಕಿದ್ದ ಪ್ರಾಚೀನ ಮೋವಾಬ್ ರಾಜ್ಯದ್ದು ಅಂತ ಸುಮಾರು 1,700 ಮಣ್ಣಿನ ಗೊಂಬೆ, ಮಡಕೆ ಜರ್ಮನಿಗೆ ಮಾರಿದ್ದ. ಅವೆಲ್ಲ ಖೋಟಾ."

ನನಗೆ ಉತ್ತರ ಹೊಳೆಯಲಿಲ್ಲ. ಈಗಲೂ ಅವರ ಮಾತೇ ಸರಿ ಅನ್ನಿಸುತ್ತದೆ. ಟಿಪ್ಪಣಿ ಮನುಷ್ಯನ ಮೇಲಿನ ಕಳಂಕ ತೊಳೆಯಬಹುದು, ಚರ್ಮದ ವಯಸ್ಸು ಹೇಳದು. ಲಿಪಿತಜ್ಞ ಕ್ರಿಸ್ಟೋಫರ್ ರಾಲ್‌ಸ್ಟನ್ ಇದು ನಕಲಿಯೇ ಅನ್ನುತ್ತಾರೆ. ಆದರೆ ಅವರ ಮುಂದಿರುವುದೂ ಆ ಕಾಲದ ಚಿತ್ರ, ನಕಲು ಪ್ರತಿಗಳೇ. ಕಾರ್ಬನ್ ಪರೀಕ್ಷೆಗೆ ಉಗುರಿನಷ್ಟು ತುಂಡೂ ಇಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ. ನಕಲಿ ಅಂತ ಗೊತ್ತಾದರೂ ಒಂದು ಪೆಟ್ಟಿಗೆಯಲ್ಲಿ ಸುಮ್ನೆ ಎತ್ತಿಟ್ಟಿದ್ದರೆ ಏನಾಗುತ್ತಿತ್ತು?

ಕುಮ್ರಾನ್ ಸುರುಳಿಗಳಿಗೆಂದೇ ಕಟ್ಟಿದ ಶ್ರೈನ್ ಆಫ್ ದಿ ಬುಕ್ ಅನ್ನು ಹಿಂದಿನ ದಿನವೇ ನೋಡಿದ್ದೆ. ಕಟ್ಟಡದ ಆಡಂಬರ ಸ್ವಲ್ಪ ಜಾಸ್ತಿಯಾಯಿತು. ನಟ್ಟನಡುವೆ ಸುತ್ತಿಟ್ಟ, ಬೈಬಲ್ಲಿನ ಪ್ರವಾದಿ ಯೆಶಾಯನ ಸುರುಳಿ ಪ್ರತಿಕೃತಿ ಅಂತ ಗೊತ್ತಿಲ್ಲದೆ ಜನ ಅದರ ಮುಂದೆ ಸೆಲ್ಫಿ ತೆಗೆಯುತ್ತಿದ್ದರು.

ಮಾತಿನಲ್ಲಿ ಹೊತ್ತು ಹೋಗಿದ್ದೇ ತಿಳಿಯಲಿಲ್ಲ. ಅವತ್ತು ಶುಕ್ರವಾರ. ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿಗೆ ಮುಂಚೆಯೇ ಬಸ್ಸು, ಟ್ರಾಂ ಎರಡೂ ನಿಂತುಬಿಡುತ್ತವೆ, ಶನಿವಾರ ಕತ್ತಲಾಗುವ ತನಕ ಓಡುವುದಿಲ್ಲ. ಟ್ಯಾಕ್ಸಿಯವನು ಮೀಟರ್ ಹಾಕದೆ ಬಾಯಿಗೆ ಬಂದಷ್ಟು ಕೇಳಿದ, ಕೊಟ್ಟೆ. ಡಮಾಸ್ಕಸ್ ಗೇಟ್ ಹತ್ತಿರದಿಂದ ಪೂರ್ವ ಜೆರುಸಲೇಮಿನ ಅರಬ್ ಬಸ್ಸುಗಳು ಶನಿವಾರವೂ ಓಡುತ್ತವೆ. ಇದನ್ನು ಮೇಷ್ಟ್ರು ಹೇಳಬಹುದಿತ್ತು.