ಯಾವ ಸಾಬ್ರಜ್ಜಿ?

ಗುಂಡ್ಲುಪೇಟೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಈ ವಾರ ರಸ್ತೆ ಅಗಲ ಮಾಡಲು ಅಡ್ಡವಾಗಿದೆಯೆಂದು ಹಳೆಯ ಬೋರ್‌ವೆಲ್ಲಿನ ಕೈಪಂಪನ್ನು ಕೀಳಲು ಬಂದಿದ್ದರು. ಹಿಡಿ ಮುರಿದು, ಬುಡದ ಸಿಮೆಂಟು ಕಟ್ಟೆ ಬಿರಿದು, ಬಾಯಿಗೆ ತುಕ್ಕು ಹಿಡಿದಿದ್ದ ಆ ಪಂಪಿನ ಪಕ್ಕ ನಿಂತ ಅಜ್ಜಿಯೊಬ್ಬರು, 'ಇದು ನೀರ್ ಸಾಬ್ರು ಹಾಕ್ಸಿದ್ದು ಕಣಪ್ಪ, ಇರ್ಲಿ ಬುಡಿ' ಎಂದರು. ಉಸ್ತುವಾರಿಗೆ ಬಂದಿದ್ದ ಹುಡುಗ ಮೊಬೈಲಿನಿಂದ ತಲೆಯೆತ್ತದೆ, 'ಯಾವ ಸಾಬ್ರಜ್ಜಿ? ಕಂಟ್ರಾಕ್ಟರಾ?' ಎಂದು ಕೇಳಿದ.

ಅಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ; ಬಸ್ಸು ಹತ್ತಿದ ಮೇಲೆ ಆ ಪ್ರಶ್ನೆ ಕೊರೆಯತೊಡಗಿತು. ಅಜ್ಜಿ ಹೇಳಿದ 'ನೀರ್ ಸಾಬ್ರು' ಅಂದರೆ ಅಬ್ದುಲ್ ನಜೀರ್ ಸಾಬ್, ಇದೇ ಗುಂಡ್ಲುಪೇಟೆಯವರು. 1983ರಲ್ಲಿ ಅಧಿಕಾರಕ್ಕೆ ಬಂದ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿ, ಬರದಲ್ಲಿ ಬೆಂದ ಹಳ್ಳಿಗಳಿಗೆ ಕೊಳವೆಬಾವಿ ಕೊರೆಸಿದವರು. (ಕೊರೆದು ಕೊರೆದು ಅಂತರ್ಜಲ ಪಾತಾಳಕ್ಕಿಳಿದದ್ದು ಆಮೇಲಿನವರ ಕಥೆ.) ಆ ಹುಡುಗ ಅವರ ಕಾಲದವನಲ್ಲ, ನಿಜ. ಆದರೆ ಗ್ರಾಮೀಣಾಭಿವೃದ್ಧಿಯ ತರಬೇತಿ ಕೊಡುವ ಮೈಸೂರಿನ ರಾಜ್ಯ ಸಂಸ್ಥೆಗೆ ಅವರ ಹೆಸರನ್ನೇ ಇಟ್ಟಿರುವಾಗ, ಪಂಚಾಯಿತಿಯ ಕೆಲಸದಿಂದಲೇ ಹೊಟ್ಟೆ ಹೊರೆಯುವವನಿಗೆ 'ಕಂಟ್ರಾಕ್ಟರಾ?' ಎಂದು ಕೇಳುವಷ್ಟು ಉಡಾಫೆ ಇರಬಾರದಿತ್ತು.

ಅಜ್ಜಿಯ ನೆನಪಿನ ಬಗ್ಗೆಯೂ ನನಗೊಂದು ತಕರಾರಿದೆ, ಅವರೆದುರು ಹೇಳುವ ಧೈರ್ಯವಿಲ್ಲದಿದ್ದರೂ. ಬೋರ್‌ವೆಲ್ ಹಾಕಿಸಿದ ಮಂತ್ರಿಗಳು ಬೇಕಾದಷ್ಟು ಜನರಿದ್ದಾರೆ. ತನ್ನ ಕೈಯಲ್ಲಿದ್ದ ಅಧಿಕಾರವನ್ನು ತಾನಾಗಿ ಕೆಳಗಿಳಿಸಿದವರು ಎಷ್ಟು ಮಂದಿ? ನಜೀರ್ ಸಾಬರು ಹಟ ಹಿಡಿದು ತಂದ, 1985ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಕಾಯ್ದೆಯ ಪ್ರಕಾರ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದು, ಶೇಕಡ 25ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾದವು. ಜಿಲ್ಲೆಯ ಹಿರಿಯ ಐಎಎಸ್ ಅಧಿಕಾರಿ, ಜಿಲ್ಲಾ ಪರಿಷತ್ತಿನ ಚುನಾಯಿತ ಅಧ್ಯಕ್ಷರ ಕೈಕೆಳಗೆ ಅದರ ಮುಖ್ಯ ಕಾರ್ಯದರ್ಶಿಯಾಗಿ ಕೆಲಸ ಮಾಡಬೇಕಾಯಿತು. ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿ ಇನ್ನೂ ಹುಟ್ಟದಿದ್ದ ಕಾಲವದು. ತಮ್ಮ ಕ್ಷೇತ್ರದಲ್ಲಿ ಇನ್ನೊಬ್ಬ ನಾಯಕ ತಲೆಯೆತ್ತುವುದನ್ನು ಸ್ವಪಕ್ಷದ ಶಾಸಕರೇ ಸಹಿಸಲಿಲ್ಲ. ಚುನಾವಣೆಯ ಮರುವರ್ಷ, 1988ರಲ್ಲಿ, ಅವರು ತೀರಿಕೊಂಡರು.

ಆಮೇಲೆ ಆ ಅಧಿಕಾರ ಒಂದೊಂದಾಗಿ ಮೇಲಕ್ಕೇ ಹತ್ತಿತು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲಂತೂ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲೇ ಅವು ನಡೆದವು. ನಲ್ಲಿಯಲ್ಲಿ ನೀರು ನಿಂತರೆ ಖಾಲಿ ಕೊಡ ಹಿಡಿದು ಕಚೇರಿಯೆದುರು ಕೂರುವ ನಮ್ಮ ಜನ, ಇದಕ್ಕಾಗಿ ಒಂದು ದಿನ ಬಂದು ಕೂತದ್ದನ್ನು ನಾನು ಕಾಣೆ.